ಹೊನ್ನಕ್ಕ ಬೇಡವೆಂದ ಮನೆ

ಎಪ್ಪತ್ತರ ದಶಕದಲ್ಲಿ ಹೊಳಲ್ಕೆರೆಯಲ್ಲಿ ಮನೆ ಕೊಳ್ಳುವವರು ಮೊದಲು ಜೋಯಿಸರ ಬಳಿಗೆ ಹೋಗುತ್ತಿರಲಿಲ್ಲ, ಹೊನ್ನಕ್ಕನ ಬಳಿಗೆ ಹೋಗುತ್ತಿದ್ದರು. ಜೋಯಿಸರು ದಿಕ್ಕು ನೋಡಿ ಹೇಳಿದ್ದು ನಿಜವೋ ಸುಳ್ಳೋ ತಿಳಿಯುವುದಕ್ಕೆ ವರ್ಷಗಟ್ಟಲೆ ಕಾಯಬೇಕು. ಹೊನ್ನಕ್ಕ ಹೇಳಿದ್ದು ಮೊದಲ ಮಳೆಗೇ ತಿಳಿಯುತ್ತಿತ್ತು.

ಹೊನ್ನಕ್ಕನ ಕಸುಬು ಮಾಳಿಗೆಗೆ ಮಣ್ಣು ಹಾಕುವುದು. ಆಗ ಆ ಕಡೆಯ ಮನೆಗಳೆಲ್ಲ ಹೆಚ್ಚಾಗಿ ಮಾಳಿಗೆಯವೇ. ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಗೇಣು ದಪ್ಪ ಮಣ್ಣು. ಮಣ್ಣೆಂದರೆ ಸಿಕ್ಕಸಿಕ್ಕ ಮಣ್ಣಲ್ಲ. ಏನೂ ಬೆಳೆಯದ ಚೌಳು ನೆಲದಿಂದ ಕೆರೆದು ತಂದದ್ದು. ಒಮ್ಮೆ ನೆನೆದರೆ ಅದು ಅಂಟಿಕೊಂಡು ಬಿಗಿಯಾಗುತ್ತದೆ, ನೀರನ್ನು ಕೆಳಗೆ ಬಿಡುವುದಿಲ್ಲ. ಮುಂಗಾರಿಗೆ ಮುಂಚೆ ಪ್ರತಿವರ್ಷ ಒಂದು ಪದರ ಹೊಸದಾಗಿ ಹಾಕಲೇಬೇಕು. ಗಂಡ ಜಂಪಣ್ಣ ಎತ್ತಿನ ಗಾಡಿಯಲ್ಲಿ ಮಣ್ಣು ತಂದು ಸುರಿದರೆ, ಹೊನ್ನಕ್ಕ ಪುಟ್ಟಿ ಹೊತ್ತು ಏಣಿ ಹತ್ತಿ ಹರಡುತ್ತಿದ್ದಳು. ಇಪ್ಪತ್ತು ವರ್ಷ ಹೀಗೆ ಊರವರ ನೆತ್ತಿಯ ಮೇಲೆ ಓಡಾಡಿದ ಹೆಂಗಸಿಗೆ ಯಾರ ಮನೆ ಎಲ್ಲಿ ಸೋರುತ್ತದೆ ಎಂಬುದು ಆ ಮನೆಯ ಯಜಮಾನನಿಗಿಂತ ಚೆನ್ನಾಗಿ ಗೊತ್ತಿತ್ತು.

ಮನೆ ನೋಡಲು ಕರೆದರೆ ಅವಳು ಮುಂಬಾಗಿಲಿಂದ ಒಳಗೆ ಹೋಗುತ್ತಿರಲಿಲ್ಲ. ಮೊದಲು ಹಿತ್ತಲಿಗೆ ಹೋಗಿ ಹಿಂದಿನ ಗೋಡೆ ನೋಡುವಳು, ಯಾಕೆಂದರೆ ಮಾರುವವರು ಮುಂದಿನ ಗೋಡೆಗೆ ಸುಣ್ಣ ಬಳಿಸಿ ಹಿಂದಿನದನ್ನು ಮರೆತಿರುತ್ತಾರೆ. ಪಕ್ಕದ ಮನೆಯಲ್ಲಿ ಒಂದು ಚೊಂಬು ನೀರು ಕೇಳಿ ಕುಡಿಯುವಳು. ಬಾವಿಯ ನೀರು ಎಂಥದು, ನೆರೆಯವಳು ಎಂಥವಳು, ಎರಡೂ ಒಟ್ಟಿಗೆ ತಿಳಿಯುತ್ತಿದ್ದವು. ಒಳಗೆ ಬಂದು ಕುಡುಗೋಲಿನ ತುದಿಯಿಂದ ಜಂತೆಗಳನ್ನು ಚುಚ್ಚುವಳು. ಗೆದ್ದಲು ತಿಂದಿದ್ದರೆ ಪುಡಿ ಉದುರಿ, ಅಲ್ಲೇ ನಿಂತು ಮನೆಯನ್ನು ಹೊಗಳುತ್ತಿರುವವನ ಹೆಗಲ ಮೇಲೆ ಬೀಳುತ್ತಿತ್ತು. ಬಚ್ಚಲಿಗೆ ಒಂದು ಕೊಡ ನೀರು ಸುರಿದು, ಅದು ಬೀದಿಗೆ ಹೋಗುತ್ತದೋ ಗೋಡೆಯ ಬುಡಕ್ಕೆ ಇಂಗುತ್ತದೋ ಎಂದು ಹೊರಗೆ ಓಡಿ ನೋಡುವಳು. ಯಾವ ಗೋಡೆ ಯಾರ ಪಾಲಿನದು ಎಂದು ಕೇಳದೆ ಹೊರಟವಳೇ ಅಲ್ಲ.

ಹೊಸ ಸುಣ್ಣ ಕಂಡರೆ ಮಾತ್ರ ಅವಳ ಪಿತ್ತ ನೆತ್ತಿಗೇರುತ್ತಿತ್ತು. ಅದರಲ್ಲಿ ಅವಳ ತಪ್ಪೇನೂ ಇಲ್ಲ. ಹತ್ತು ವರ್ಷ ಗೋಡೆಯ ಕಡೆ ತಿರುಗಿ ನೋಡದವನು ಮಾರುವ ವಾರ ಮನೆಗೆಲ್ಲ ಬೆಳ್ಳಗೆ ಬಳಿಸಿ ಹಲ್ಲು ಕಿರಿಯುತ್ತ ನಿಂತರೆ ಯಾರಿಗಾದರೂ ಮೈ ಉರಿಯುತ್ತದೆ. ಹೊನ್ನಕ್ಕ ಗೋಡೆಯನ್ನು ಉಗುರಿನಿಂದ ಕೆರೆದು ಒಳಗೆ ಮಳೆನೀರು ಇಳಿದ ಕಂದು ಗೆರೆಯನ್ನು ಎಲ್ಲರಿಗೂ ತೋರಿಸುವಳು. “ಮಾರೋರ ಮಾತು ಕೇಳಕೆ ಹೋಗಬ್ಯಾಡ್ರಿ. ಅವ್ರು ಬಾಯಿ ಬಿಟ್ರೆ ಬರೀ ಚಿನ್ನವೇ ಉದುರ್ತೈತೆ. ಮನೆ ಏನ್ ಹೇಳ್ತೈತೆ ಅದನ್ನ ಕೇಳ್ರಿ,” ಅನ್ನುವಳು. ಕೇಳಿದವರು ತಲೆದೂಗುತ್ತಿದ್ದರು.

ಕೊನೆಯದು ಒನಕೆ. ಆ ಮನೆಯದೇ ಒನಕೆ ಇಸಿದುಕೊಂಡು ನಡುಮನೆಯ ನೆಲವನ್ನು ಮೂಲೆಯಿಂದ ಮೂಲೆಗೆ ಕುಟ್ಟಿಕೊಂಡು ಹೋಗುವಳು. ಹಗೇವಿನ ಹೆದರಿಕೆ ಅದು. ಹಗೇವು ಎಂದರೆ ಕಾಳು ತುಂಬಿಡಲು ನೆಲದಡಿ ತೋಡಿದ ಗುಂಡಿ. ಬಾಯಿ ಒಬ್ಬಾಳು ಇಳಿಯುವಷ್ಟು, ಹೊಟ್ಟೆ ಕೋಣೆಯಷ್ಟು. ಹಳಬರು ತೋಡುತ್ತಾರೆ, ಮಕ್ಕಳು ಮರೆಯುತ್ತಾರೆ, ಮೊಮ್ಮಕ್ಕಳು ಅದರ ಮೇಲೆಯೇ ಮನೆ ಬೆಳೆಸುತ್ತಾರೆ. ಹೊನ್ನಕ್ಕನಿಗೆ ಒಂಬತ್ತು ವರ್ಷವಿದ್ದಾಗ ಬಾಗೂರಿನ ತವರಿನಲ್ಲಿ ಅಜ್ಜಿ ಪಾಲಮ್ಮ ರಾಗಿ ಬೀಸುತ್ತ ಕೂತವಳು ಬೀಸುವ ಕಲ್ಲಿನ ಸಮೇತ ನೆಲದೊಳಗೆ ಇಳಿದುಬಿಟ್ಟಿದ್ದಳು. ಜೀವಂತ ಮೇಲೆ ತಂದರು, ಕಾಲು ಮಾತ್ರ ಸರಿಹೋಗಲಿಲ್ಲ. ಅಲ್ಲಿಂದ ಮುಂದೆ ನೆಲ ಟೊಳ್ಳು ಸದ್ದು ಮಾಡಿದರೆ ಹೊನ್ನಕ್ಕ ಆ ಮನೆಯನ್ನೇ ಬೇಡವೆಂದುಬಿಡುತ್ತಿದ್ದಳು.

ಎಪ್ಪತ್ತನೇ ಇಸವಿಯಲ್ಲಿ ಜವಳಿ ಅಂಗಡಿಯ ನಾಗರಾಜಪ್ಪ ತಾನು ಕೊಳ್ಳಬೇಕೆಂದಿದ್ದ ಒಂದು ಮನೆ ತೋರಿಸಲು ಅವಳನ್ನು ಕರೆದೊಯ್ದ. ಮನೆ ಏಕನಾಥಮ್ಮನವರದು. ಅವರ ಗಂಡನಿಗೆ ಹಿರಿಯೂರಿನಲ್ಲಿ ಕೆಲಸ. ಇಲ್ಲಿಯದನ್ನು ಮಾರಿ ಅಲ್ಲೊಂದು ಕಟ್ಟಿಕೊಳ್ಳುವ ಆಸೆ. ತೊಲೆಗಳು ತೇಗದವು, ಗೋಡೆ ಮೊಳಕ್ಕಿಂತ ದಪ್ಪ, ಬಚ್ಚಲ ನೀರು ನೆಟ್ಟಗೆ ಬೀದಿಗೆ. ಹೊನ್ನಕ್ಕನಿಗೆ ಎಲ್ಲಿಯೂ ಕೊಂಕು ಸಿಕ್ಕಲಿಲ್ಲ. ಆಮೇಲೆ ಒನಕೆ ಎತ್ತಿ ನಡುಮನೆಯಲ್ಲಿ ಕುಟ್ಟಿದಳು. ಡುಬ್ ಎಂದಿತು. ಇನ್ನೊಂದು ಕಡೆ ಕುಟ್ಟಿದಳು. ಅಲ್ಲಿಯೂ ಡುಬ್.

“ಹಗೇವು ಐತೆ,” ಎಂದಳು ಹೊನ್ನಕ್ಕ.

“ಹಗೇವಲ್ಲ ಕಣಮ್ಮ, ನಮ್ಮ ಮಾವನೋರು ಕೆಳಗೆ...” ಎಂದು ಏಕನಾಥಮ್ಮ ಏನೋ ಹೇಳಹೊರಟರು. ಹೊನ್ನಕ್ಕ ಕೇಳಲಿಲ್ಲ. ಮಾರುವವರ ಮಾತಲ್ಲವೇ? ಹೊರಗೆ ಬಂದು ಜಗಲಿಯ ಮೇಲೆ ನಿಂತು, ಬೀದಿಗೆಲ್ಲ ಕೇಳುವ ಹಾಗೆ, “ನಾಗರಾಜಪ್ಪಾರೆ, ಬ್ಯಾಡ್ರಿ. ಹೆಂಡ್ರು ಮಕ್ಕಳು ಇರೋರು ಈ ಮನೆ ತಗೋಬ್ಯಾಡ್ರಿ,” ಎಂದಳು.

ಅಷ್ಟೇ. ಆ ಮನೆಗೆ ಹಗೇವಿನ ಮನೆ ಎಂದೇ ಹೆಸರು ಬಿತ್ತು. ಆರು ವರ್ಷ ಯಾರೂ ಅದರ ಬೀಗ ತೆಗೆಸಿ ನೋಡಲಿಲ್ಲ.

ಇಷ್ಟೆಲ್ಲ ಮನೆ ನೋಡಿದ ಹೊನ್ನಕ್ಕನಿಗೆ ಸ್ವಂತದ್ದೊಂದು ಮನೆ ಇರಲಿಲ್ಲ. ಬಾಡಿಗೆಯ ಒಂದೂವರೆ ಅಂಕಣದಲ್ಲಿ ಗಂಡ, ಹೆಂಡತಿ, ಎರಡು ಎತ್ತು. ಎಪ್ಪತ್ತಾರರಲ್ಲಿ ಮನೆಯೊಡೆಯ ಮಗನಿಗೆ ಮದುವೆ ಗೊತ್ತು ಮಾಡಿ, ಯುಗಾದಿಗೆ ಬಿಟ್ಟುಕೊಡಿ ಎಂದ. ಬೇರೆ ಬಾಡಿಗೆ ಮನೆ ಕೇಳಿದರೆ ಎತ್ತು ಕಟ್ಟಲು ಯಾರೂ ಒಪ್ಪಲಿಲ್ಲ. ಎತ್ತು ಮಾರಿದರೆ ಗಾಡಿಯಿಲ್ಲ, ಗಾಡಿಯಿಲ್ಲದಿದ್ದರೆ ಕಸುಬೇ ಇಲ್ಲ. ಕೂಡಿಟ್ಟದ್ದು ಸ್ವಲ್ಪ ಇತ್ತು, ಒಂದು ಸಣ್ಣ ಮನೆ ಕೊಂಡೇಬಿಡೋಣ ಎಂದು ಜಂಪಣ್ಣ ಹುರುಪಿನಿಂದ ಹೊರಟ.

ಪಾಪ, ಅವನಿಗೆ ಹೆಂಡತಿ ಯಾರೆಂಬುದು ಮರೆತುಹೋಗಿತ್ತು. ಅವನು ಹನ್ನೊಂದು ಮನೆ ಹುಡುಕಿದ, ಅವಳು ಹನ್ನೊಂದನ್ನೂ ತಳ್ಳಿಹಾಕಿದಳು. ಒಂದರಲ್ಲಿ ಗೆದ್ದಲು, ಒಂದರಲ್ಲಿ ಗೋಡೆಯ ತಕರಾರು, ಒಂದರಲ್ಲಿ ನೆರೆಯವಳು ನೀರು ಕೊಡುವಾಗ ಮುಖ ತಿರುಗಿಸಿದ್ದಳು. ಯುಗಾದಿಗೆ ಇಪ್ಪತ್ತು ದಿನ ಉಳಿಯಿತು.

“ಲೇ, ನಿನಗೆ ಮನೆ ಬೇಕೋ, ದೇವಲೋಕ ಬೇಕೋ?” ಎಂದು ಜಂಪಣ್ಣ ರೇಗಿದ. ಮರುದಿನ ಹಿರಿಯೂರಿಗೆ ಹೋಗಿ ಬಂದವನು ಅವಳ ಮುಂದೆ ಒಂದು ಬೀಗದ ಕೈ ಇಟ್ಟ.

“ಏಕನಾಥಮ್ಮನೋರ ಮನೇದು. ಅರ್ಧ ರೇಟಿಗೆ ಒಪ್ಪ್ಯಾರೆ. ಹಗೇವು ಅಗೆದು ಕಲ್ಲು ಮಣ್ಣು ತುಂಬಿದ್ರಾತು. ನಮಗೇನ್ ಮಣ್ಣಿಗೆ ಬರ ಐತಾ?”

ಹೊನ್ನಕ್ಕ ಬೀಗದ ಕೈ ಮುಟ್ಟಲಿಲ್ಲ. “ಜನ ಏನಂತಾರೆ? ಅಗ್ಗಕ್ಕೆ ಹೊಡ್ಕಳಕೆ ಅಂತ ಇವಳೇ ಮನೆ ಹೆಸರು ಕೆಡಿಸಿದ್ಲು ಅನ್ನಲ್ವಾ?”

“ಹಗೇವು ಇರೋದು ಸುಳ್ಳಾ?”

“ಸುಳ್ಯಾಕ್ ಆಗ್ತೈತೆ? ನಾನೇ ಕುಟ್ಟಿ ನೋಡೀನಿ.”

“ಮತ್ಯಾಕ್ ಹೆದರ್ತೀಯ? ಅಗೆದು ಹಗೇವು ಎಲ್ರಿಗೂ ತೋರ್ಸು. ನಿನ್ ಮಾತೂ ಉಳೀತೈತೆ, ಮನೇನೂ ಆಗ್ತೈತೆ. ಆಯಮ್ಮನೂ ಅದನ್ನೇ ಅಂದ್ರು. ಅಗಿಯೋದಾದ್ರೆ ಹೊನ್ನಕ್ಕನೇ ಕೈಯಾರೆ ಅಗೀಲಿ ಅಂದ್ರು.”

ಮಾತು ಸರಿ ಅನ್ನಿಸಿತು. ಮಾರನೆಯ ದಿನ ಊಟ ಮುಗಿಸಿ ಗಂಡ ಹೆಂಡತಿ ಹಾರೆ ಗುದ್ದಲಿ ಹಿಡಿದು ಹೋದರು. ಬಾಗಿಲು ಮುಂದೆ ಮಾಡಿಕೊಂಡು, ಮೊದಲು ತಾವು ನೋಡಿ ಆಮೇಲೆ ಊರನ್ನು ಕರೆಯುವ ಲೆಕ್ಕ. ಗುಂಡಿಯ ಕೆಟ್ಟ ಗಾಳಿ ಬಡಿದೀತೆಂದು ಹೊನ್ನಕ್ಕ ಸೆರಗನ್ನು ಮೂಗಿಗೆ ಬಿಗಿದುಕೊಂಡಳು. ಸೊಂಟಕ್ಕೆ ಹಗ್ಗ ಕಟ್ಟಿ ಅದರ ತುದಿಯನ್ನು ಕಂಬಕ್ಕೆ ಸುತ್ತಿದಳು. ಜಂಪಣ್ಣ ನಗುವುದನ್ನು ಕಷ್ಟಪಟ್ಟು ತಡೆದುಕೊಂಡ. ಗಾರೆ ಒಡೆದು ಹಾರೆ ಮೀಟಿ ಒಂದು ಚಪ್ಪಡಿ ಎತ್ತಿದರು.

ಕೆಳಗೆ ಗುಂಡಿ ಇರಲಿಲ್ಲ. ಗಡಿಗೆಗಳಿದ್ದವು. ಕವುಚಿ ಹಾಕಿದ ಮಣ್ಣಿನ ಗಡಿಗೆಗಳು, ಒಂದರ ಪಕ್ಕಕ್ಕೊಂದು, ನಡುವೆ ಮರಳು ತುಂಬಿ ಸಾಲಾಗಿ ಕೂರಿಸಿದ್ದರು. ಇನ್ನೊಂದು ಚಪ್ಪಡಿ ಎತ್ತಿದರು, ಅಲ್ಲಿಯೂ ಗಡಿಗೆ. ಹೊನ್ನಕ್ಕ ಒಂದನ್ನು ಕಿತ್ತು ಅದರ ಅಡಿಯಲ್ಲಿ ಹಾರೆ ಇಳಿಸಿದಳು. ಹಾರೆ ಗಟ್ಟಿ ನೆಲಕ್ಕೆ ಬಡಿದು ಕೈ ಜುಮ್ಮೆಂದಿತು. ಏಕನಾಥಮ್ಮನವರ ಮಾವ ಕಾಳಿನ ವ್ಯಾಪಾರ ಮಾಡುತ್ತಿದ್ದವರು. ನಡುಮನೆಯಲ್ಲಿ ಒಟ್ಟಿದ ಚೀಲಗಳಿಗೆ ನೆಲದ ತೇವ ಏರಬಾರದೆಂದು ಯಾವ ಕಾಲದಲ್ಲೋ ಹೀಗೆ ಮಾಡಿಸಿದ್ದರು. ಇಷ್ಟು ವರ್ಷವಾದರೂ ಒಂದು ಗಡಿಗೆಯೂ ಬಿರುಕು ಬಿಟ್ಟಿರಲಿಲ್ಲ. ಹೊಳಲ್ಕೆರೆಯಲ್ಲಿ ಅಷ್ಟು ಒಣಗಿದ, ಅಷ್ಟು ಭದ್ರವಾದ ನೆಲ ಇನ್ನೊಂದು ಮನೆಗೆ ಇದ್ದೀತೋ ಇಲ್ಲವೋ.

ಜಂಪಣ್ಣ ಕುಣಿಯುವುದೊಂದು ಬಾಕಿ. “ಹೊನ್ನೀ! ಹಗೇವಿನ ಮನೆ ರೇಟಿಗೆ ಅರಮನೆ ಸಿಕ್ತಲ್ಲೇ! ಮುಚ್ಚು, ಮುಚ್ಚು. ಹಗೇವಿತ್ತು, ತುಂಬಿದ್ವಿ ಅಂದ್ರೆ ಮುಗೀತು. ಯಾರ್ ನೋಡ್ಯಾರೆ?”

ಹೊನ್ನಕ್ಕ ಸೊಂಟದ ಹಗ್ಗವನ್ನೂ ಬಿಚ್ಚದೆ ಅಲ್ಲೇ ಕೂತಳು. ಆರು ವರ್ಷದ ಹಿಂದೆ ಆಯಮ್ಮ ಹೇಳಹೊರಟದ್ದು ಇದೇ. ಒಂದು ಮಾತು, ಮುಗಿಸಲು ಬಿಟ್ಟಿದ್ದರೆ ಸಾಕಿತ್ತು. ಸುಮ್ಮನಿದ್ದರೆ ಮನೆಯೂ ಸಿಗುತ್ತದೆ, ಹೆಸರೂ ಉಳಿಯುತ್ತದೆ. ಬಾಯಿ ಬಿಟ್ಟರೆ ಬೆಲೆ ಏರಿ ಮನೆ ಕೈತಪ್ಪುತ್ತದೆ, ಊರೆಲ್ಲ ನಗುತ್ತದೆ, ಯುಗಾದಿಗೆ ಎತ್ತುಗಳ ಜೊತೆ ಬೀದಿಯಲ್ಲಿ ನಿಲ್ಲಬೇಕು. ಅವಳೇನು ಸಾಧ್ವಿಯಲ್ಲ, ಸುಮ್ಮನಿರುವ ಆಸೆ ಅವಳಿಗೂ ಚೆನ್ನಾಗಿಯೇ ಆಯಿತು. ಗಂಡನ ಜೊತೆ ಸೇರಿ ಒಂದು ಚಪ್ಪಡಿಯನ್ನು ಮತ್ತೆ ಕೂರಿಸಿದಳು. ಎರಡನೆಯದಕ್ಕೆ ಕೈ ಹಾಕಿದವಳು ನಿಂತುಬಿಟ್ಟಳು.

“ಈ ನೆಲದ ಮೇಲೆ ನನಗೆ ನಿದ್ದೆ ಬರಲ್ಲ,” ಎಂದಳು. “ಹಗೇವಿದ್ದಿದ್ರೂ ಬರ್ತಿತ್ತೇನೋ. ನಾಳೆ ಹಿರಿಯೂರಿಗೆ ಹೋಗಾಣ.”

ಜಂಪಣ್ಣ ಬೈದ, ಗೋಗರೆದ, ಕೊನೆಗೆ ಬರುವುದಿಲ್ಲವೆಂದು ಗೋಡೆಗೆ ಮುಖ ಮಾಡಿ ಕೂತ. ಹೊನ್ನಕ್ಕ ಒಬ್ಬಳೇ ಬೆಳಗಿನ ಬಸ್ಸು ಹತ್ತಿದಳು. ಚಿತ್ರದುರ್ಗದಲ್ಲಿ ಇಳಿದು ಹಿರಿಯೂರಿನ ಬಸ್ಸಿಗೆ ಕಾಯುವಾಗ ಎರಡು ಸಲ ವಾಪಸು ಹೋಗಿಬಿಡೋಣ ಅನ್ನಿಸಿತು. ಕೊಂಡ ಮಂಡಕ್ಕಿಯನ್ನು ಹಾಗೆಯೇ ಸೆರಗಿಗೆ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದಳು.

ಏಕನಾಥಮ್ಮ ಹಿರಿಯೂರಿನಲ್ಲಿ ಇದ್ದದ್ದು ಎರಡು ಕೋಣೆಯ ಬಾಡಿಗೆ ಮನೆ. ಒಳಗೆ ಆರು ಜನ. ಪಾತ್ರೆಗಳು ಮಂಚದ ಕೆಳಗೆ, ಹಾಸಿಗೆಗಳು ಅಟ್ಟದ ಮೇಲೆ. ಹೊನ್ನಕ್ಕ ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ನೋಡಿದಳು. ಈ ಇಕ್ಕಟ್ಟು ತನ್ನ ಒನಕೆಯ ಕೆಲಸ.

“ಕುಂತ್ಕ ಬಾ ಹೊನ್ನಕ್ಕ,” ಎಂದರು ಏಕನಾಥಮ್ಮ.

ಅವಳು ನಿಂತೇ ಹೇಳಿದಳು. “ಗಡಿಗೆ ಅವೆ ಕಣ್ರಮ್ಮ. ಹಗೇವಿಲ್ಲ. ನಾನು ತಪ್ಪು ಹೇಳಿದ್ದೆ. ನೀವು ಹೇಳಾಕ್ ಬಂದ್ರಿ, ನಾನು ಕೇಳ್ಲಿಲ್ಲ. ಅರ್ಧ ರೇಟಿಗೆ ಕೊಡಬ್ಯಾಡ್ರಿ, ಅದು ಚಿನ್ನದಂಥ ಮನೆ.” ಬೀಗದ ಕೈಯನ್ನು ಹೊಸ್ತಿಲ ಬಳಿ ಇಟ್ಟಳು. ಆಮೇಲೆ ಅಳು ತಡೆಯಲಾಗಲಿಲ್ಲ.

ಏಕನಾಥಮ್ಮ ಒಳಗೆ ಹೋಗಿ ಮಜ್ಜಿಗೆ ತಂದು ಕೊಟ್ಟು, ಅವಳು ಕುಡಿದು ಮುಗಿಸುವವರೆಗೆ ಎದುರಿಗೆ ಕೂತರು.

“ನೆಲ ಅಗೆದು ಗಡಿಗೆ ತೋರ್ಸಾಣ ಅಂದೆ ನಮ್ಮನೆಯೋರಿಗೆ. ಒಂದು ಹೆಂಗಸು ಒನಕೆ ಕುಟ್ಟಿದ್ಲು ಅಂತ ನಮ್ಮಪ್ಪ ಹಾಕ್ಸಿದ ನೆಲ ಅಗೀಲಾ ಅಂತ ಹಟ ಹಿಡಿದ್ರು. ಅವರ ಹಟ, ನಿನ್ನ ಹಟ, ನಡುವೆ ನಾನು ಆರು ವರ್ಷ ಈ ಗೂಡಲ್ಲಿ ಬೇಯಿಸಿ ಹಾಕಿದೆ. ಈಗ ಅವರಿಗೂ ಸಾಕಾಗಿ ಹೆಂಗಾದ್ರೂ ಮಾರು ಅಂದ್ರು. ನಿನ್ನ ಬೈಕಳ್ಳದ ದಿನ ಇಲ್ಲ ಹೊನ್ನಕ್ಕ.”

“ಬೈರಿ. ಇನ್ನೂ ಬೈರಿ.”

“ಈಗ ಬೈಯಾಕೆ ಮನಸ್ ಬರ್ತಿಲ್ವಲ್ಲ. ನೀನು ಅಗೀತೀಯ ಅಂತ ಗೊತ್ತಿತ್ತು. ಬಂದು ಹೇಳ್ತೀಯ ಅಂತ ಗೊತ್ತಿರಲಿಲ್ಲ.” ಏಕನಾಥಮ್ಮ ಎದ್ದು ಸೆರಗು ಸರಿಮಾಡಿಕೊಂಡರು. “ಆವತ್ತು ಜಗಲಿ ಮೇಲೆ ನಿಂತು ಬೀದಿಗೆಲ್ಲ ಕೂಗಿ ಹೇಳಿದ್ದೆ. ಈಗಲೂ ಅಲ್ಲೇ ನಿಂತು ಹಂಗೇ ಹೇಳು. ಆಮೇಲೆ ರೇಟಿನ ಮಾತು.”

ಮರುದಿನ ಹತ್ತು ಗಂಟೆಗೆ ಏಕನಾಥಮ್ಮ ಹೊಳಲ್ಕೆರೆಗೆ ಬಂದರು. ಚಪ್ಪಡಿ ಎತ್ತಿದ ನೆಲವನ್ನು ಹಾಗೆಯೇ ಬಿಟ್ಟು ಬಾಗಿಲು ಹಾರುಹೊಡೆದಿದ್ದರು. ಜಂಪಣ್ಣ ಗಾಡಿಯ ಪಕ್ಕ ದೂರದಲ್ಲಿ ನಿಂತಿದ್ದ, ಹೆಂಡತಿಯ ಜೊತೆ ಎರಡು ದಿನದಿಂದ ಮಾತಿಲ್ಲ. ಹೊನ್ನಕ್ಕ ಜಗಲಿ ಹತ್ತಿದಳು. ಎಂಥೆಂಥ ಎತ್ತರದ ಮಾಳಿಗೆ ಹತ್ತಿದವಳಿಗೆ ಆ ಮೂರು ಮೆಟ್ಟಿಲಿಗೆ ಕಂಬದ ಆಸರೆ ಬೇಕಾಯಿತು.

“ಕೇಳ್ರಪ್ಪಾ,” ಎಂದು ಕೂಗಿದಳು. “ಆರು ವರ್ಷದ ಹಿಂದೆ ಈ ಮನೇಲಿ ಹಗೇವೈತೆ ಅಂದಿದ್ದೆ. ಸುಳ್ಳು. ಕೆಳಗಿರೋದು ಗಡಿಗೆ. ಒಳಗೆ ಬಂದು ನೀವೇ ನೋಡ್ರಿ. ನನ್ ಮಾತಿಂದ ಈಯಮ್ಮ ಕಷ್ಟಪಟ್ರು. ತಪ್ಪು ನಂದು.”

ಜನ ನುಗ್ಗಿ ಬಂದರು. ಗಡಿಗೆಗಳನ್ನು ಬಗ್ಗಿ ನೋಡಿದರು, ಬೆರಳಿನಿಂದ ತಟ್ಟಿದರು. ಯಾರೋ ಕಿಸಕ್ಕನೆ ನಕ್ಕರು. ಹೊನ್ನಕ್ಕ ಕಣ್ಣು ಮುಚ್ಚಿಕೊಂಡು, ಇನ್ನು ತನ್ನ ಮಾತಿಗೆ ಊರಿನಲ್ಲಿ ಮೂರು ಕಾಸಿನ ಬೆಲೆಯಿಲ್ಲ ಎಂದುಕೊಂಡಳು.

ಅಷ್ಟರಲ್ಲಿ ಜವಳಿ ಅಂಗಡಿಯ ನಾಗರಾಜಪ್ಪ ಜನರನ್ನು ಸರಿಸಿಕೊಂಡು ಮುಂದೆ ಬಂದ. “ಹೊನ್ನಕ್ಕನೇ ಹಗೇವಿಲ್ಲ ಅಂದ್ಮೇಲೆ ಮುಗೀತು. ಏಕನಾಥಮ್ಮಾರೆ, ಮನೆ ನನಗಿರ್ಲಿ. ಪೂರ್ತಿ ಬೆಲೆ ಕೊಡ್ತೀನಿ, ಇವತ್ತೇ.” ಹಿಂದಿನಿಂದ ಇನ್ನೊಬ್ಬ ತಾನೂ ಇದ್ದೇನೆಂದು ಕೈ ಎತ್ತಿದ.

ಆಗ ಹೊನ್ನಕ್ಕನಿಗೆ ತಿಳಿಯಿತು. ಅವಳ ಮಾತಿನ ಬೆಲೆ ಹೋಗಿರಲಿಲ್ಲ, ಮನೆ ಹೋಗುತ್ತಿತ್ತು. ಅವಳು ಮೆಟ್ಟಿಲಿಳಿದು ಗಂಡನ ಕಡೆ ಹೆಜ್ಜೆ ಹಾಕಿದಳು. ಜಂಪಣ್ಣ ಬೈಯಲಿಲ್ಲ. ಎರಡು ದಿನದ ಮುನಿಸು ಬಿಟ್ಟು, “ಇರ್ಲಿ ಬಾರೇ, ಎಲ್ಲಾದ್ರೂ ಒಂದು ನೆಲ ಸಿಕ್ತೈತೆ,” ಎಂದ.

“ಎಲ್ಲಿಗ್ ಹೋಗ್ತೀಯ ಹೊನ್ನಕ್ಕ?” ಎಂದರು ಏಕನಾಥಮ್ಮ. ಆಮೇಲೆ ನಾಗರಾಜಪ್ಪನ ಕಡೆ ತಿರುಗಿದರು. “ಆವತ್ತು ಅವಳು ಬ್ಯಾಡ ಅಂದ್ಲು, ನೀವು ಓಡಿದ್ರಿ. ಇವತ್ತು ಅವಳು ಒಳ್ಳೇದು ಅಂದ್ಲು, ನೀವು ಓಡಿ ಬಂದ್ರಿ. ಆರು ವರ್ಷದಲ್ಲಿ ಒಂದು ಚಪ್ಪಡಿ ಎತ್ತಿ ನೋಡಾಣ ಅಂತ ನಿಮ್ಮಲ್ಲಿ ಯಾರಿಗಾದ್ರೂ ಅನ್ನಿಸ್ತಾ? ನೀವೆಲ್ಲ ಅವಳ ಬಾಯಿ ನೋಡ್ದೋರು. ಈ ಮನೇನ ನೋಡ್ದೋಳು ಅವಳೊಬ್ಬಳೇ. ಮನೆ ಅವಳಿಗೆ.”

ನಾಗರಾಜಪ್ಪ ಚಪ್ಪಲಿ ಹುಡುಕತೊಡಗಿದ.

“ಪೂರ್ತಿ ಬೆಲೆ ನನ್ ಕೈಲಿ ಆಗಲ್ರಮ್ಮ,” ಎಂದಳು ಹೊನ್ನಕ್ಕ.

“ನಿನ್ ಗಂಡನ ಹತ್ರ ಆಡಿದ ಮಾತು ಆಡಿದ್ದೇ. ಅದರ ಮೇಲೆ ನಿನ್ ಮನಸ್ಸಿಗೆ ಬಂದಷ್ಟು ಹಾಕು.”

“ಹಿರಿಯೂರಲ್ಲಿ ನೀವು ಕಟ್ಟೋ ಮನೆ ಮಾಳಿಗೆಗೆ ನಾನು ಇರೋವರ್ಗೂ ಮಣ್ಣು ಹಾಕ್ತೀನಿ. ಒಂದು ಹನಿ ಸೋರಿದ್ರೆ ಕೇಳ್ರಿ.”

“ಅಯ್ಯೋ, ನಾನು ಹೆಂಚು ಹಾಕಿಸ್ತೀನಿ ಕಣೆ! ಮಣ್ಣಿನ ಸಾವಾಸ ಸಾಕಾಗೈತೆ,” ಎಂದು ಏಕನಾಥಮ್ಮ ನಕ್ಕುಬಿಟ್ಟರು. ಬೀದಿಯವರೂ ನಕ್ಕರು. ಹೊನ್ನಕ್ಕ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ಕೊನೆಗೂ ಅವಳಿಗೆ ಒಂದು ಮನೆಯಾಗಿತ್ತು, ಯಾರ ಮುಂದೆಯೂ ತಲೆ ತಗ್ಗಿಸದೆ ಒಳಗೆ ಹೋಗಬಹುದಾದ ಮನೆ.

ಜಂಪಣ್ಣ ಆಗಲೇ ಎತ್ತುಗಳನ್ನು ಬಿಚ್ಚಿ, ಹಿತ್ತಲಿನಲ್ಲಿ ಎಲ್ಲಿ ಕಟ್ಟಬೇಕೆಂದು ಜಾಗ ನೋಡುತ್ತಿದ್ದ.